ಕುಲದೇವತಾ ಯಾತ್ರೆಯೂ ಮೂಲಗ್ರಾಮದ ವಿಚಾರವೂ

ಕನ್ನಡ ಕರಾವಳಿಯ ಗೌಡ ಸಾರಸ್ವತ ಮನೆತನಗಳಲ್ಲಿ ವಿವಾಹಾದಿ ಶುಭಕಾರ್ಯಗಳ ತರುವಾಯ ಸಕುಟುಂಬವಾಗಿ ಗೋವೆಗೆ ಹೋಗಿ ಕುಲದೇವತೆಯ ದರ್ಶನ ಪಡೆಯುವ ವಾಡಿಕೆಯುಂಟು. ಆಗ ಹಿರಿಯರು ಮಕ್ಕಳಿಗೆ ಆ ಸ್ಥಳವನ್ನೇ ಪೂರ್ವಿಕರ ಊರೆಂದು ತೋರಿಸುವುದು ಸಹಜ. ಆದರೆ ಅದು ಪೂರ್ವಿಕರು ಬಾಳಿದ ಊರೋ, ಅವರ ದೇವರು ಆಶ್ರಯ ಪಡೆದ ಊರೋ ಎಂಬುದು ವಿಚಾರಾರ್ಹವಾಗಿದೆ.

ಮನೆತನದ ಐತಿಹ್ಯಗಳಿಗೆ ಮುಖ್ಯ ಆಧಾರವಾಗಿರುವುದು ಸ್ಕಂದಪುರಾಣದ್ದೆಂದು ಹೇಳಲಾಗುವ ಸಹ್ಯಾದ್ರಿಖಂಡ. ಜೆರ್ಸನ್ ಡ ಕುನ್ಹಾ ಇದನ್ನು 1877ರಲ್ಲಿ ಮುಂಬಯಿಯಲ್ಲಿ ಅಚ್ಚು ಹಾಕಿಸಿದರು. ಪರಶುರಾಮನು ಬ್ರಾಹ್ಮಣರನ್ನು ಕರೆತಂದು ಮಠಗ್ರಾಮ, ಕುಶಸ್ಥಲ ಮೊದಲಾದ ಕಡೆಗಳಲ್ಲಿ ನೆಲೆಗೊಳಿಸಿದನೆಂದು ಅದು ಹೇಳುತ್ತದೆ. ವಲಸೆಯ ಕಾಲನಿರ್ಣಯಕ್ಕೆ ಈ ಕಥೆ ಸಾಲದು. ಗ್ರಾಮನಾಮಗಳ ಮಟ್ಟಿಗೆ ಮಾತ್ರ ಇದು ಉಪಯುಕ್ತ. ಮಠಗ್ರಾಮವೇ ಇಂದಿನ ಮಡಗಾಂವ. ಕುಶಸ್ಥಲವು ಜುವಾರಿ ನದಿಯ ದಕ್ಷಿಣದ ಕುಠ್ಠಾಳ.

1510ರಲ್ಲಿ ಪೋರ್ಚುಗೀಸರು ಗೋವೆಯ ದ್ವೀಪವನ್ನು ಹಿಡಿದರು. 1543ರಲ್ಲಿ ಸಾಷ್ಟಿ, ಬಾರದೇಶಗಳೂ ಅವರ ವಶವಾದುವು. ಮುಂದೆ ದೇವಾಲಯಭಂಗವು ಆರಂಭವಾಗಲು, 1560ರ ಸುಮಾರಿನಲ್ಲಿ ಕುಶಸ್ಥಲದ ಮಂಗೇಶನನ್ನು ಭಕ್ತರು ನದಿಯಾಚೆಯ ಪ್ರಿಯೋಳಕ್ಕೆ ಸಾಗಿಸಿದರು. ಅದೇ ಶತಮಾನದಲ್ಲಿ ಕೇಳೋಶಿಯ ಶಾಂತಾದುರ್ಗೆ ಕವಳೆಗೂ, ವೆರ್ಣೆಯ ಮಹಾಲಸೆ ಮಾರ್ದೋಳಕ್ಕೂ, ಲೋಟಲಿಯ ರಾಮನಾಥ ಬಾಂದೋಡೆಗೂ ಬಂದರು. ಈ ಫೋಂಡಾ ಸೀಮೆಯು ಆಗ ವಿಜಾಪುರದ ಆದಿಲಶಾಹಿಗೆ ಸೇರಿತ್ತು. ಪೋರ್ಚುಗೀಸರ ಶಾಸನ ಅಲ್ಲಿ ನಡೆಯುತ್ತಿರಲಿಲ್ಲ. ದೇವರೊಡನೆ ಹೊರಟವರು ಕೆಲವರು. ದಕ್ಷಿಣಾಭಿಮುಖವಾಗಿ ಕನ್ನಡ ಕರಾವಳಿಗೆ ಬಂದವರು ಮತ್ತೆ ಕೆಲವರು. ದೇವರಿಗೂ ಮನೆತನಕ್ಕೂ ಹೀಗೆ ಬೇರೆ ಬೇರೆ ನೆಲೆಗಳಾದುವು.

ಆದರೆ ಫೋಂಡಾ ಸೀಮೆಯ ದೇವಾಲಯಗಳೆಲ್ಲವೂ ವಲಸೆ ಬಂದವೆಂದು ಭಾವಿಸಲಾಗದು. ಬಾಂದೋಡೆಯ ನಾಗೇಶ ದೇವಾಲಯದಲ್ಲಿ ವಿಜಯನಗರ ಕಾಲದ 1413ರ ಶಿಲಾಶಾಸನವಿದೆ. ಪೋರ್ಚುಗೀಸರು ಬರುವುದಕ್ಕೆ ಸುಮಾರು ನೂರು ವರ್ಷ ಮೊದಲೇ ನಾಗೇಶನು ಅಲ್ಲಿದ್ದನೆಂಬುದಕ್ಕೆ ಇದು ಸಾಕ್ಷಿ. ಒಂದೇ ಊರಿನಲ್ಲಿ ಮೂಲನಿವಾಸಿಯಾದ ನಾಗೇಶನೂ ಆಶ್ರಿತನಾದ ರಾಮನಾಥನೂ ಇರುವುದನ್ನು ಯಾತ್ರಿಕರು ಗಮನಿಸತಕ್ಕದ್ದು. ಕಟ್ಟಡಗಳ ವಿಷಯವೂ ಹೀಗೆಯೇ: ಕವಳೆಯ ಈಗಿನ ಶಾಂತಾದುರ್ಗಾ ಮಂದಿರವು ಹದಿನೆಂಟನೆಯ ಶತಮಾನದ್ದು, ಅದರಲ್ಲಿ ಕೇಳೋಶಿಯ ಪ್ರಾಚೀನ ಶಿಲ್ಪವನ್ನು ಹುಡುಕುವುದು ವ್ಯರ್ಥ.

ಈ ಆಶ್ರಯಭೂಮಿಗೂ ಕರ್ನಾಟಕಕ್ಕೂ ಮತ್ತೊಂದು ಸಂಬಂಧವಿದೆ. ಹೈದರಾಲಿಯ ದಂಡಯಾತ್ರೆಯಿಂದ ರಾಜ್ಯ ಕಳೆದುಕೊಂಡ ಸೋದೆಯ ಅರಸುಮನೆತನವು ಹದಿನೆಂಟನೆಯ ಶತಮಾನದಲ್ಲಿ ಗೋವೆಯನ್ನು ಸೇರಿ ಇದೇ ಬಾಂದೋಡೆಯಲ್ಲಿ ನೆಲೆಸಿತು. ಗೋವೆಯಿಂದ ಕನ್ನಡನಾಡಿಗೆ ಜನ ಬಂದಂತೆ ಕನ್ನಡನಾಡಿನಿಂದ ಗೋವೆಗೂ ನಿರಾಶ್ರಿತರು ಹೋದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಾಷ್ಟಿ, ಬಾರದೇಶಗಳಿಂದ ಮಂಗಳೂರಿಗೆ ಬಂದ ಕೊಂಕಣಿ ಕ್ರೈಸ್ತರಿಗೂ ಅದೇ ಗ್ರಾಮಗಳು ಪೂರ್ವಿಕರ ನೆಲೆಗಳು. ಅವರು ಮೂಲವನ್ನರಸಿ ಹೋಗುವುದು ನದಿಯ ಈಚೆಯ ಇಗರ್ಜಿಗಳಿಗೆ. ಸಾರಸ್ವತರು ಹೋಗುವುದು ಆಚೆಯ ದೇವಾಲಯಗಳಿಗೆ. ಪೂರ್ವಿಕರ ನೆಲ ಒಂದೇ ಆಗಿದ್ದರೂ ಯಾತ್ರೆಯ ಹಾದಿಗಳು ಮಾತ್ರ ಕೂಡುವುದಿಲ್ಲ.

ಆದುದರಿಂದ ಕುಲದೇವತೆಯ ಸನ್ನಿಧಿಯು ಮನೆತನದ ಮೂಲವನ್ನಲ್ಲ, ಮೂಲದಿಂದ ಅಗಲಿದ ಕ್ಷಣವನ್ನು ತೋರಿಸುತ್ತದೆ. ಅದರಿಂದ ಆ ಕ್ಷೇತ್ರದ ಮಹಿಮೆಗೆ ಕುಂದಿಲ್ಲ. ನೆಲವನ್ನು ಬಿಡಬೇಕಾದಾಗಲೂ ದೇವರನ್ನು ಬಿಡದವರ ನಿಷ್ಠೆ ಅಲ್ಲಿ ಉಳಿದಿದೆ. ಆದರೂ ಮಂಗೇಶನ ದರ್ಶನ ಪಡೆದ ಕುಟುಂಬವು ಜುವಾರಿಯನ್ನು ದಾಟಿ ಕುಠ್ಠಾಳದವರೆಗೂ ಹೋದರೆ ಮಾತ್ರ ಮಕ್ಕಳಿಗೆ ಮನೆತನದ ಚರಿತ್ರೆ ಪೂರ್ಣವಾಗಿ ತಿಳಿದೀತು.