ಬಡಾವಣೆಯ ಸೊಬಗು ಮತ್ತು ಅದರ ಸಂರಕ್ಷಣೆ: ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಂ

ಹಿನ್ನೆಲೆ

1898ರಲ್ಲಿ ಬೆಂಗಳೂರಿನ ಹಳೆಯ ಪೇಟೆಯಲ್ಲಿ ಪ್ಲೇಗ್ ಹರಡಿ ಅಪಾರ ಸಾವುನೋವು ಸಂಭವಿಸಿತು. ಇಕ್ಕಟ್ಟಾದ ಓಣಿಗಳಿಂದ ಹೊರಬಂದ ನಿವಾಸಿಗಳಿಗೆ ಗಾಳಿ ಬೆಳಕುಳ್ಳ ವಸತಿ ಕಲ್ಪಿಸುವ ಕಾರ್ಯವು ಇದರಿಂದ ಚುರುಕುಗೊಂಡು, ಪೇಟೆಯ ದಕ್ಷಿಣಕ್ಕೆ ಬಸವನಗುಡಿ ಹಾಗೂ ವಾಯವ್ಯಕ್ಕೆ ಮಲ್ಲೇಶ್ವರಂ ಬಡಾವಣೆಗಳು ರೂಪುಗೊಂಡವು. ದೊಡ್ಡ ಬಸವಣ್ಣನ ಗುಡಿ ಮತ್ತು ಕಾಡು ಮಲ್ಲೇಶ್ವರ ದೇವಸ್ಥಾನಗಳಿಂದ ಇವುಗಳಿಗೆ ಈ ಹೆಸರುಗಳು ಬಂದಿವೆ.

ಸೊಬಗಿನ ಕಾರಣಗಳು

ಈ ಬಡಾವಣೆಗಳಲ್ಲಿ ಮುಖ್ಯರಸ್ತೆಗಳು ಮತ್ತು ಅಡ್ಡರಸ್ತೆಗಳನ್ನು ನೇರವಾಗಿ ರೂಪಿಸಿ, ಮನೆಗಳ ಸುತ್ತ ತೆರೆದ ಜಾಗ ಬಿಡಲಾಯಿತು. ತ್ಯಾಜ್ಯ ಸಾಗಣೆಗೆ ಮನೆಗಳ ಹಿಂಬದಿಯಲ್ಲಿ ಕನ್ಸರ್ವೆನ್ಸಿ ಓಣಿಗಳನ್ನು ಒದಗಿಸಲಾಯಿತು. ಆರೋಗ್ಯದ ಸಲುವಾಗಿ ಕೈಗೊಂಡ ಈ ಏರ್ಪಾಡುಗಳೇ ಮುಂದೆ ಸೌಂದರ್ಯಕ್ಕೂ ಆಧಾರವಾದವು. ತೆರೆದ ಜಾಗ ಇದ್ದುದರಿಂದಲೇ ಅಂಗಳದಲ್ಲಿ ಮಾವು, ತೆಂಗು, ಸಂಪಿಗೆ ಬೆಳೆಯಲು ಸಾಧ್ಯವಾಯಿತು.

1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನ್ ಸಸ್ಯತಜ್ಞ ಜಿ.ಎಚ್. ಕ್ರುಂಬಿಗಲ್ ಅವರು, ವರ್ಷವಿಡೀ ಒಂದಲ್ಲ ಒಂದು ಜಾತಿಯ ಮರ ಹೂ ಬಿಡುವಂತೆ ನಗರದ ಸಾಲುಮರಗಳನ್ನು ಆಯ್ಕೆ ಮಾಡುವ ಕ್ರಮಕ್ಕೆ ಹೆಸರಾದರು.

ಗಾಂಧಿ ಬಜಾರ್ ಹಾಗೂ ಮಲ್ಲೇಶ್ವರಂ 8ನೇ ಅಡ್ಡರಸ್ತೆಯ ಹೂವು, ಹಣ್ಣು, ತರಕಾರಿ ವ್ಯಾಪಾರ, ಉದ್ಯಾನ ಮತ್ತು ದೇವಾಲಯಗಳು ಸಮೀಪದ ನಿವಾಸಿಗಳಿಗೆ ಕಾಲ್ನಡಿಗೆಯ ದೂರದಲ್ಲಿವೆ. ಕಾರ್ತಿಕ ಮಾಸದ ಕಡೆಯ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆ ಬೀದಿಯಲ್ಲಿಯೇ ಜರುಗುತ್ತದೆ. ನೆರಳು ಮತ್ತು ಪಾದಚಾರಿ ಮಾರ್ಗ ಇಲ್ಲವಾದಲ್ಲಿ ಇಂತಹ ಬಳಕೆಯೂ ಕುಗ್ಗುತ್ತದೆ.

ಎದುರಾಗಿರುವ ಸಮಸ್ಯೆ

ಹಳೆಯ ಮನೆಗಳ ಸ್ಥಾನದಲ್ಲಿ ಬಹುಮಹಡಿ ಕಟ್ಟಡಗಳು ತಲೆಯೆತ್ತುತ್ತಿವೆ. ಒಂದು ನಿವೇಶನದ ಒಂದು ಮರ ಅಲ್ಪವೆಂದು ತೋರಬಹುದು. ಆದರೆ ಪ್ರತಿ ನಿವೇಶನದಲ್ಲಿಯೂ ಹಾಗೆಯೇ ಆದಲ್ಲಿ ಇಡೀ ರಸ್ತೆ ನೆರಳು ಕಳೆದುಕೊಳ್ಳುತ್ತದೆ. ಕಡಿದ ಮರದ ಸ್ಥಾನದಲ್ಲಿ ನೆಟ್ಟ ಸಸಿ ಅಷ್ಟೇ ನೆರಳು ನೀಡಲು ದಶಕಗಳೇ ಬೇಕು.

ಅರ್ಜಿದಾರರ ಗಮನಕ್ಕೆ

1. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ, ವಿನಾಯಿತಿ ಪಡೆದ ಜಾತಿಗಳನ್ನು ಹೊರತುಪಡಿಸಿ, ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅಗತ್ಯ.
2. ಅರ್ಜಿಯಲ್ಲಿ ಮರದ ಜಾತಿ, ಸಂಖ್ಯೆ, ಇರುವ ಸ್ಥಳ ಮತ್ತು ಕಾರಣವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.
3. ಕೊಂಬೆ ಸವರುವುದರಿಂದ ತೊಂದರೆ ನಿವಾರಣೆಯಾಗುವಂತಿದ್ದರೆ, ಪೂರ್ಣ ಕಡಿತಲೆಗೆ ಬದಲಾಗಿ ಅದನ್ನೇ ಕೋರುವುದು ಸೂಕ್ತ.
4. ಕಡಿತಲೆಗೆ ಅನುಮತಿ ದೊರೆತಲ್ಲಿ, ಅದರಲ್ಲಿ ವಿಧಿಸಿದಂತೆ ಬದಲಿ ಸಸಿಗಳನ್ನು ನೆಟ್ಟು ಪೋಷಿಸತಕ್ಕದ್ದು.
5. ಮಂಜೂರಾದ ನಕ್ಷೆಯಲ್ಲಿ ತೋರಿಸಿದ ತೆರೆದ ಜಾಗವನ್ನು ಹಾಗೆಯೇ ಉಳಿಸಿಕೊಳ್ಳತಕ್ಕದ್ದು. ಪಾದಚಾರಿ ಮಾರ್ಗದ ಮೇಲೆ ಇಳಿಜಾರು, ಮೆಟ್ಟಿಲು ಅಥವಾ ಜನರೇಟರ್ ಇರಿಸಬಾರದು.

ಮನೆಯ ನಕ್ಷೆ ಸಿದ್ಧಪಡಿಸುವ ಮುನ್ನವೇ ನಿವೇಶನದಲ್ಲಿನ ಮರಗಳನ್ನು ಗುರುತಿಸಿಕೊಂಡಲ್ಲಿ, ಅವುಗಳನ್ನು ಉಳಿಸಿಕೊಂಡು ಕಟ್ಟಡ ನಿರ್ಮಿಸಲು ಅನುಕೂಲವಾಗುತ್ತದೆ. ಹೆಚ್ಚಿನ ಮಾಹಿತಿಗಾಗಿ ತಮ್ಮ ವ್ಯಾಪ್ತಿಯ ವೃಕ್ಷ ಅಧಿಕಾರಿಯ ಕಚೇರಿಯನ್ನು ಸಂಪರ್ಕಿಸಬಹುದು.