ಪಾಟೀಲ: ಹುದ್ದೆಯೊಂದು ಅಡ್ಡಹೆಸರಾದ ಬಗೆ

ಕಲಬುರಗಿ ಸೀಮೆಯಲ್ಲಿ ಹೆಜ್ಜೆಹೆಜ್ಜೆಗೂ ಕೇಳಿಬರುವ ಅಡ್ಡಹೆಸರು ಪಾಟೀಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ 9 ಕ್ಷೇತ್ರಗಳ ಪೈಕಿ 4ರಲ್ಲಿ ಗೆದ್ದವರು ಪಾಟೀಲರು: ಆಳಂದದಲ್ಲಿ ಬಿ.ಆರ್. ಪಾಟೀಲ, ಅಫಜಲಪುರದಲ್ಲಿ ಎಂ.ವೈ. ಪಾಟೀಲ, ಸೇಡಂನಲ್ಲಿ ಶರಣಪ್ರಕಾಶ ಪಾಟೀಲ, ಕಲಬುರಗಿ ದಕ್ಷಿಣದಲ್ಲಿ ಅಲ್ಲಮಪ್ರಭು ಪಾಟೀಲ. ಚಿಂಚೋಳಿ, ಚಿತ್ತಾಪುರ ಮತ್ತು ಕಮಲಾಪುರವನ್ನು ಒಳಗೊಂಡ ಕಲಬುರಗಿ ಗ್ರಾಮೀಣ, ಈ ಮೂರು ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳು. ಅವನ್ನು ಬಿಟ್ಟರೆ ಉಳಿಯುವುದು 6 ಸಾಮಾನ್ಯ ಕ್ಷೇತ್ರ. ಅದರಲ್ಲಿ 4 ಪಾಟೀಲರ ಪಾಲು. ಈ ನಾಲ್ವರನ್ನು ಒಂದೇ ಮನೆತನದ ಕವಲುಗಳೆಂದು ತಿಳಿದರೆ ಅದು ತಪ್ಪು. ಅವರ ಹೆಸರಿನ ಕೊನೆಯಲ್ಲಿರುವುದು ವಂಶದ ಗುರುತಿಗಿಂತ ಮೊದಲು ಒಂದು ಹುದ್ದೆಯ ಗುರುತು. ಊರಿಗೊಂದು ಹುದ್ದೆ ಇತ್ತು, ಊರಿಗೊಂದು ಮನೆತನ ಅದನ್ನು ಹಿಡಿದಿತ್ತು. ಆ ಹೆಸರು ಇಷ್ಟು ಹಬ್ಬಿದ್ದಕ್ಕೆ ಕಾರಣ ಅಲ್ಲಿದೆ.

ಊರ ಮುಖ್ಯಸ್ಥನಿಗೆ ಈ ನೆಲದಲ್ಲಿ ಮೊದಲಿದ್ದ ಹೆಸರು ಬೇರೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಕಾಲದ ಸಂಸ್ಕೃತ ತಾಮ್ರಪಟಗಳಲ್ಲಿ ರಾಷ್ಟ್ರಪತಿ, ವಿಷಯಪತಿಗಳ ಜೊತೆಗೆ ಗ್ರಾಮಕೂಟ ಬರುತ್ತಾನೆ. ಕನ್ನಡ ಶಾಸನಗಳಲ್ಲಿ ಅವನು ಗಾಮುಂಡ, ಗಾವುಂಡ. ಲೆಕ್ಕ ಬರೆಯುವವನು ಸೇನಬೋವ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ದೇವಾಲಯಕ್ಕೆ ಭೂಮಿ ಬಿಡುವಾಗ, ಕೆರೆಗೆ ದತ್ತಿ ಕೊಡುವಾಗ ಗಾವುಂಡರ ಹೆಸರು ಮತ್ತೆಮತ್ತೆ ಕಾಣಿಸುತ್ತದೆ. ಗಾವುಂಡ ಸವೆದು ಗೌಡ ಆಯಿತು. ದಕ್ಷಿಣ ಕರ್ನಾಟಕದಲ್ಲಿ ಆ ರೂಪವೇ ನಿಂತಿತು. ಭೀಮೆಯ ದಂಡೆಯಲ್ಲಿ ಅದರ ಮೇಲೆ ಇನ್ನೊಂದು ಪದ ಬಂದು ಕೂತಿತು.

ಆ ಇನ್ನೊಂದು ಪದದ ಹಳೆಯ ರೂಪ ಪಟ್ಟಕಿಲ. 10–11ನೇ ಶತಮಾನದ ಮಾಳವದ ಪರಮಾರ ಅರಸರ ದಾನಪತ್ರಗಳಲ್ಲಿ ಊರ ಜನರನ್ನು ಉದ್ದೇಶಿಸುವಾಗ ಪಟ್ಟಕಿಲರನ್ನೂ ಜನಪದವನ್ನೂ ಒಟ್ಟಿಗೆ ಕರೆಯಲಾಗಿದೆ. ಪಟ್ಟ ಎಂದರೆ ಶಾಸನದ ಫಲಕ, ಅಧಿಕಾರಪತ್ರ. ಪಟ್ಟಕಿಲವೇ ಮರಾಠಿಯಲ್ಲಿ ಪಾಟೀಲ ಆಯಿತು, ಗುಜರಾತಿಯಲ್ಲಿ ಪಟೇಲ ಆಯಿತು. ಕಲಬುರಗಿಯ ಸರ್ದಾರ್ ವಲ್ಲಭಭಾಯಿ ಪಟೇಲ್ ವೃತ್ತದಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿಗೆ ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಹಾರ ಹಾಕಿಸಿಕೊಳ್ಳುವ ಪ್ರತಿಮೆಯ ಹೆಸರೂ, ಹಾರ ಹಾಕಲು ಬರುವ ಪಾಟೀಲರ ಹೆಸರೂ ಮೂಲದಲ್ಲಿ ಒಂದೇ.

1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಕಲಬುರಗಿ ಅದರ ರಾಜಧಾನಿಯಾಯಿತು. ದರಬಾರಿನ ಭಾಷೆ ಪಾರಸಿ. ಪಾರಸಿ ಕಾಗದಗಳು ಊರ ಮುಖ್ಯಸ್ಥನನ್ನು ಮುಕದ್ದಮ ಎಂದು ಬರೆದವು. ಆದರೆ ಊರೊಳಗಿನ ಲೆಕ್ಕ ಪಾರಸಿಗೆ ಒಗ್ಗಲಿಲ್ಲ. ಬಿಜಾಪುರದ ಒಂದನೇ ಇಬ್ರಾಹಿಂ ಆದಿಲಶಹಾ (1534–1558) ಕಂದಾಯದ ಲೆಕ್ಕವನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿ, ಆ ಕೆಲಸಕ್ಕೆ ಬ್ರಾಹ್ಮಣ ಕರಣಿಕರನ್ನು ಹೆಚ್ಚಾಗಿ ನೇಮಿಸಿದ ಸಂಗತಿಯನ್ನು ಇತಿಹಾಸಕಾರ ಫೆರಿಷ್ತಾ ದಾಖಲಿಸಿದ್ದಾನೆ. ಮೋಡಿ ಲಿಪಿಯ ಮರಾಠಿ ಕಡತಗಳು ಕನ್ನಡ ಮಾತಾಡುವ ಹಳ್ಳಿಗಳನ್ನೂ ಆಳತೊಡಗಿದವು. ದೇಶಮುಖ, ದೇಶಪಾಂಡೆ, ಕುಲಕರ್ಣಿ, ಪಾಟೀಲ ಎಂಬ ಸಾಲು ಈ ಭಾಗದಲ್ಲಿ ಬೇರೂರಿದ್ದು ಇಂಥ ಕಡತಗಳ ಮೂಲಕ. ಕಡತದಲ್ಲಿ ಪಾಟೀಲ ಎಂದು ಬರೆಸಿಕೊಂಡವನನ್ನು ಊರು ಮಾತ್ರ ಗೌಡ ಎಂದೇ ಕರೆಯಿತು. ಇವತ್ತಿಗೂ ಹಾಗೆಯೇ ಇದೆ: ಆಧಾರ್ ಕಾರ್ಡಿನಲ್ಲಿ ಪಾಟೀಲ, ಕಟ್ಟೆಯ ಮೇಲೆ ‘ಗೌಡ್ರ’.

ಈ ಪದರಗಳನ್ನು ಒಂದೇ ಹೆಸರಿನಲ್ಲಿ ನೋಡಲು ನೆರೆಯ ವಿಜಯಪುರದ ಶಾಸಕ ಬಸನಗೌಡ ಪಾಟೀಲ ಯತ್ನಾಳರ ಹೆಸರು ಸಾಕು. ಗೌಡ ಎಂಬುದು ಕನ್ನಡದ ಹುದ್ದೆ, ಪಾಟೀಲ ಎಂಬುದು ಅದೇ ಹುದ್ದೆಯ ಮರಾಠಿ ಹೆಸರು, ಯತ್ನಾಳ ಊರು. ಒಂದೇ ಅಧಿಕಾರ ಎರಡು ಭಾಷೆಗಳಲ್ಲಿ ಎರಡು ಸಲ ಬಂದಿದೆ, ಆದರೂ ಸ್ಥಳೀಯರ ಕಿವಿಗೆ ಅದು ಪುನರುಕ್ತಿ ಎನಿಸುವುದಿಲ್ಲ.

ಹುದ್ದೆ ಅಡ್ಡಹೆಸರಾಗಲು ವತನ ಪದ್ಧತಿಯೇ ಮುಖ್ಯ ಕಾರಣ. ಪಾಟೀಲಕಿ ಸಂಬಳದ ನೌಕರಿಯಾಗಿರಲಿಲ್ಲ, ತಲೆಮಾರಿನಿಂದ ತಲೆಮಾರಿಗೆ ಸಾಗುವ ಆಸ್ತಿಯಾಗಿತ್ತು. ಅದರೊಂದಿಗೆ ಇನಾಮು ಜಮೀನು ಬರುತ್ತಿತ್ತು, ಹಕ್ಕಿನ ಪಾಲು ಬರುತ್ತಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಮಾನ ಬರುತ್ತಿತ್ತು. ಕಾರಹುಣ್ಣಿಮೆಯ ದಿನ ಅಗಸಿಯಲ್ಲಿ ಕರಿ ಹರಿಯುವಾಗ ಗೌಡರ ಎತ್ತಿಗೆ ಮೊದಲ ಮಾನ. ಬನ್ನಿ ಮುಡಿಯುವಾಗಲೂ ಅವರದೇ ಮುಂದಾಳತ್ವ. ಊರ ನಡುವಿನ ಎತ್ತರದ ಕಲ್ಲುಗೋಡೆಯ ಮನೆ ಗೌಡರ ವಾಡೆ. ಮನೆಯಲ್ಲಿ ನಾಲ್ವರು ಗಂಡುಮಕ್ಕಳಿದ್ದರೆ ಚಾವಡಿಯಲ್ಲಿ ಕೂತು ಕಂದಾಯ ವಸೂಲಿ ಮಾಡುವವನು ಒಬ್ಬನೇ. ಆದರೆ ವತನ ನಾಲ್ವರಿಗೂ ಸೇರಿದ್ದು: ಜಮೀನು ಹಂಚಿಕೆಯಾಗುತ್ತಿತ್ತು, ಅಧಿಕಾರ ಪಾಳಿಯ ಮೇಲೆ ತಿರುಗುತ್ತಿತ್ತು, ಪಾಟೀಲ ಎಂಬ ಹೆಸರು ಮಾತ್ರ ಹಂಚಿದರೂ ಕಡಿಮೆಯಾಗದೆ ಎಲ್ಲರಿಗೂ ಪೂರ್ತಿಯಾಗಿ ಸಿಗುತ್ತಿತ್ತು. ಹೀಗೆ ಊರಿಗೊಬ್ಬ ಇರಬೇಕಾದ ಪಾಟೀಲ ಕೆಲವೇ ತಲೆಮಾರುಗಳಲ್ಲಿ ಓಣಿಗೊಂದು ಮನೆಯಾದ.

ಇದೇ ಲೆಕ್ಕದಿಂದ ಉಳಿದ ಹುದ್ದೆಯ ಹೆಸರುಗಳ ಹೆಚ್ಚುಕಡಿಮೆಯೂ ತಿಳಿಯುತ್ತದೆ. ದೇಶಮುಖ, ದೇಶಪಾಂಡೆ ಪರಗಣೆಯ ಮಟ್ಟದ ಅಧಿಕಾರಗಳು. ಹತ್ತಾರು ಹಳ್ಳಿಗೆ ಒಬ್ಬೊಬ್ಬರು. ಅದಕ್ಕಾಗಿ ಆ ಮನೆತನಗಳು ಎಣಿಕೆಗೆ ಸಿಗುವಷ್ಟಿವೆ. ಕುಲಕರ್ಣಿ ಹಳ್ಳಿಯ ಮಟ್ಟದವನಾದರೂ ಒಬ್ಬನೇ ಹಲವು ಊರಿನ ಲೆಕ್ಕ ನೋಡಬಹುದಿತ್ತು. ಊರಿಗೊಂದರಂತೆ ಇರಲೇಬೇಕಾದ ತಳವಾರ, ವಾಲೀಕಾರ, ಬಡಿಗೇರ, ಕಂಬಾರ, ಹಡಪದ, ಮುಲ್ಲಾ, ಹಿರೇಮಠ ಹೆಸರುಗಳು ಪಾಟೀಲದಂತೆಯೇ ವ್ಯಾಪಕ. ಊರ ಸೇವಕನ ಹುದ್ದೆಯನ್ನು ಹೇಳುವ ವಾಲೀಕಾರ ಎಂಬ ಹೆಸರನ್ನು ಚಿತ್ತಾಪುರ ತಾಲ್ಲೂಕಿನವರಾದ ಬಂಡಾಯ ಕವಿ ಚೆನ್ನಣ್ಣ ವಾಲೀಕಾರರು ಕನ್ನಡ ಸಾಹಿತ್ಯದಲ್ಲಿ ಗಟ್ಟಿಯಾಗಿ ನಿಲ್ಲಿಸಿದರು. ವಾಡೆಯ ಹೆಸರಿನಷ್ಟೇ ಚಾವಡಿಯ ಬಾಗಿಲ ಹೆಸರೂ ಈ ಚರಿತ್ರೆಗೆ ಮುಖ್ಯ, ಅದನ್ನು ಬಿಟ್ಟು ಬರೆದ ಚರಿತ್ರೆ ಅರ್ಧವೇ ಆದೀತು.

ಜರ್ಮನಿಯ ಅಡ್ಡಹೆಸರುಗಳ ಕಥೆಯೂ ಇದಕ್ಕೆ ದೂರವಲ್ಲ. ಅಲ್ಲಿ ಅತಿ ಹೆಚ್ಚು ಜನರಿಗಿರುವ ಹೆಸರು ಮ್ಯೂಲರ್, ಅಂದರೆ ಗಿರಣಿಯವನು. ಅದರ ಹಿಂದೆಯೇ ಶ್ಮಿಟ್, ಅಂದರೆ ಕಮ್ಮಾರ. ಪ್ರತಿ ಊರಿಗೂ ಒಂದು ಗಿರಣಿ, ಒಂದು ಕುಲುಮೆ ಬೇಕಿತ್ತಾದ್ದರಿಂದ ಆ ಹೆಸರುಗಳು ನೂರಾರು ಕಡೆ ಬೇರೆಬೇರೆಯಾಗಿ ಹುಟ್ಟಿದವು. ಶುಲ್ಟ್ಸ್ ಎಂಬ ಹೆಸರು ಪಾಟೀಲಕ್ಕೆ ಇನ್ನೂ ಹತ್ತಿರ. ಅದು ಶುಲ್ಟ್‌ಹೈಸ್ ಎಂಬ ಹುದ್ದೆಯ ಸವೆದ ರೂಪ. ಒಡೆಯನಿಗೆ ಸಲ್ಲಬೇಕಾದ್ದನ್ನು ವಸೂಲಿ ಮಾಡಿ ಊರ ನ್ಯಾಯ ನೋಡುತ್ತಿದ್ದ ಮುಖ್ಯಸ್ಥ ಅವನು. ಮಧ್ಯಯುಗದ ಕೊನೆಯ ಹೊತ್ತಿಗೆ ಅಲ್ಲಿ ಇಂಥ ಹೆಸರುಗಳು ಗಟ್ಟಿಯಾದವು. ಅಲ್ಲಿಯ ವಿದ್ವಾಂಸರು 2005ರ ದೂರವಾಣಿ ಸಂಪರ್ಕಗಳ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು, ಯಾವ ಹೆಸರು ಎಲ್ಲಿ ಎಷ್ಟಿದೆ ಎಂಬ ನಕ್ಷೆಗಳ ಏಳು ಸಂಪುಟಗಳನ್ನು 2009ರಿಂದ 2018ರವರೆಗೆ ಹೊರತಂದರು. ಭಾರತದಲ್ಲಿ ಜನಗಣತಿಯ ವೈಯಕ್ತಿಕ ದಾಖಲೆಗಳು 1948ರ ಕಾಯ್ದೆಯ ಪ್ರಕಾರ ಗೋಪ್ಯ. ಹೀಗಾಗಿ ಹೆಸರುಗಳ ಹರವನ್ನು ತಿಳಿಯಲು ಮತದಾರರ ಪಟ್ಟಿ, ಪಹಣಿ, ಶಾಲೆಯ ದಾಖಲಾತಿ ಪುಸ್ತಕಗಳೇ ಆಧಾರ. ಕನ್ನಡದಲ್ಲಿ ಸ್ಥಳನಾಮಗಳ ಅಧ್ಯಯನ ಶಂಬಾ ಜೋಶಿಯವರಿಂದ ದೇ. ಜವರೇಗೌಡರವರೆಗೆ ಹುಲುಸಾಗಿ ಬೆಳೆದಿದೆ. ಅಡ್ಡಹೆಸರುಗಳಿಗೂ ಅಷ್ಟೇ ಶ್ರದ್ಧೆ ಸಲ್ಲಬೇಕು.

ಪಾಟೀಲ ಹೆಸರಿನ ಮುಂದಿನ ಘಟ್ಟ ನಿಜಾಮರ ಕಾಲದ್ದು. 1724ರಿಂದ ಹೈದರಾಬಾದಿಗೆ ಸೇರಿದ್ದ ಈ ಭಾಗದಲ್ಲಿ 19ನೇ ಶತಮಾನದ ಮಧ್ಯದಿಂದ ದಿವಾನ ಒಂದನೇ ಸಾಲಾರ್ ಜಂಗ್ ಆಡಳಿತವನ್ನು ಹೊಸದಾಗಿ ಕಟ್ಟಿದ. ಹಳ್ಳಿಯ ಮುಖ್ಯಸ್ಥನ ಕೆಲಸ ಎರಡಾಗಿ ಒಡೆಯಿತು. ಕಂದಾಯ ನೋಡುವವನು ಮಾಲಿ ಪಟೇಲ್, ಶಾಂತಿಪಾಲನೆ ನೋಡುವವನು ಪೊಲೀಸ್ ಪಟೇಲ್. ಲೆಕ್ಕ ಬರೆಯುವವನು ಪಟವಾರಿ. ಉರ್ದು ಕಡತದ ಪಟೇಲ್ ಕನ್ನಡದ ಬಾಯಲ್ಲಿ ಮತ್ತೆ ಪಾಟೀಲನಾದ, ಮಾಲಿಪಾಟೀಲ ಮತ್ತು ಪೊಲೀಸ್ ಪಾಟೀಲ ಎಂಬ ಎರಡು ಹೊಸ ಅಡ್ಡಹೆಸರು ಹುಟ್ಟಿದವು. ಮಾಲಿಪಾಟೀಲ ಎಂಬುದನ್ನು ತೋಟದ ಮಾಲಿಯೊಂದಿಗೆ ಜೋಡಿಸುವವರು ಇದ್ದಾರೆ. ಅದು ಸರಿಯಲ್ಲ, ಇಲ್ಲಿಯ ಮಾಲು ಎಂದರೆ ಕಂದಾಯ. ಪಕ್ಕದ ಮುಂಬೈ ಪ್ರಾಂತ್ಯದಲ್ಲಿ ಅದೇ ಕೆಲಸದವನು ಮುಲ್ಕಿ ಪಾಟೀಲ ಎನಿಸಿದ್ದ. ಆದ್ದರಿಂದ ಮಾಲಿಪಾಟೀಲ ಎಂಬ ಹೆಸರು ಕಂಡಲ್ಲಿ ಆ ಮನೆತನದ ಬೇರು ಹಳೆಯ ಹೈದರಾಬಾದ್ ಸಂಸ್ಥಾನದ ಸೀಮೆಯಲ್ಲಿದೆಯೇ ಎಂದು ಮೊದಲು ನೋಡಬೇಕು. ಹಳೆಯ ಮೈಸೂರಿನಲ್ಲಿ ಪಟೇಲ ಮತ್ತು ಶ್ಯಾನುಭೋಗರಿದ್ದರು. 1996ರಿಂದ 1999ರವರೆಗೆ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರ ಹೆಸರಿನಲ್ಲಿ ಉಳಿದಿರುವುದು ಆ ದಕ್ಷಿಣದ ರೂಪ.

ಹೆಸರು ಹುದ್ದೆಯಿಂದ ಬಂದದ್ದರಿಂದ ಅದಕ್ಕೆ ಜಾತಿಯ ಬೇಲಿಯಿಲ್ಲ. ಕಲಬುರಗಿ ಭಾಗದಲ್ಲಿ ಲಿಂಗಾಯತ ಪಾಟೀಲರು ಬಹುಸಂಖ್ಯೆಯಲ್ಲಿದ್ದರೂ ರೆಡ್ಡಿ, ಮರಾಠ, ಕುರುಬ, ಜೈನ ಪಾಟೀಲರೂ ಇದ್ದಾರೆ. ಮುಸ್ಲಿಂ ಮನೆತನಗಳಲ್ಲಿ ಪಟೇಲ್ ಎಂಬ ರೂಪ ಹೆಚ್ಚು. ಬರೀ ಅಡ್ಡಹೆಸರು ನೋಡಿ ಜಾತಿ ಹೇಳುವ ರೂಢಿ ಇಲ್ಲಿ ನೆಚ್ಚತಕ್ಕದ್ದಲ್ಲ.

ಹುದ್ದೆಯ ಅಂತ್ಯ ತಡವಾಗಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1949ರಲ್ಲಿ ಜಾಗೀರುಗಳು ರದ್ದಾದವು, 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಬಂತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಯಾಗಿ ವಂಶಪಾರಂಪರ್ಯದ ಪಾಟೀಲಕಿ, ಕುಲಕರ್ಣಿಕೆಗಳು ಕೊನೆಗೊಂಡವು. ವತನದ ಜಮೀನು ಸರ್ಕಾರಕ್ಕೆ ಸೇರಿ, ನಿಗದಿತ ಹಣ ಕಟ್ಟಿದ ಹಿಂದಿನ ಹಕ್ಕುದಾರರಿಗೆ ಮರುಮಂಜೂರಾಯಿತು. ಹುದ್ದೆ ಹೋದ ಹೊತ್ತಿಗೆ ಹೆಸರು ಶಾಲೆಯ ದಾಖಲಾತಿ ಪುಸ್ತಕಕ್ಕೂ ಮತದಾರರ ಪಟ್ಟಿಗೂ ಇಳಿದಾಗಿತ್ತು. 1968ರಲ್ಲಿ, ಅಂದರೆ ಪಾಟೀಲಕಿ ರದ್ದಾದ ಐದು ವರ್ಷಕ್ಕೆ, ಚಿಂಚೋಳಿಯ ವೀರೇಂದ್ರ ಪಾಟೀಲರು ರಾಜ್ಯದ ಮುಖ್ಯಮಂತ್ರಿಯಾದರು. 1989ರಲ್ಲಿ ಮತ್ತೊಮ್ಮೆ ಆ ಸ್ಥಾನಕ್ಕೆ ಬಂದರು. ಗಡಿಯಾಚೆಯ ಮಹಾರಾಷ್ಟ್ರದಲ್ಲಿ 1967ರ ಗ್ರಾಮ ಪೊಲೀಸ್ ಕಾಯ್ದೆ ಪೊಲೀಸ್ ಪಾಟೀಲನನ್ನು ವಂಶದ ಹಂಗಿಲ್ಲದ ನೇಮಕದ ಹುದ್ದೆಯಾಗಿ ಉಳಿಸಿಕೊಂಡಿತು. ಹೀಗಾಗಿ ಅಕ್ಕಲಕೋಟೆಯ ಹಳ್ಳಿಯಲ್ಲಿ ಪೊಲೀಸ್ ಪಾಟೀಲ ಇಂದೂ ಒಂದು ಕೆಲಸ, ಆಳಂದದ ಹಳ್ಳಿಯಲ್ಲಿ ಅದು ಬರೀ ಹೆಸರು.

ಒಂದೇ ಹೆಸರು ಇಷ್ಟು ಮಂದಿಗಿದ್ದರೆ ಗುರುತಿಸುವುದು ಹೇಗೆ? ಇದಕ್ಕೆ ಸೀಮೆಯ ಜನರೇ ಎರಡು ದಾರಿ ಕಂಡುಕೊಂಡಿದ್ದಾರೆ. ಒಂದು, ಮೊದಲಕ್ಷರಗಳನ್ನೇ ಹೆಸರಾಗಿಸುವುದು: ಬಿ.ಆರ್., ಎಂ.ವೈ. ಎಂದರೆ ಸಾಕು, ಯಾರೆಂದು ತಿಳಿಯುತ್ತದೆ. ಇನ್ನೊಂದು, ಕೊನೆಗೆ ಊರನ್ನು ಸೇರಿಸುವುದು. 2018ರಲ್ಲಿ ಸೇಡಂನಿಂದ ಗೆದ್ದವರು ರಾಜಕುಮಾರ ಪಾಟೀಲ ತೇಲ್ಕೂರ, ಕಲಬುರಗಿ ದಕ್ಷಿಣದಿಂದ ದತ್ತಾತ್ರೇಯ ಪಾಟೀಲ ರೇವೂರ. ಪತ್ರಿಕೆಯ ತಲೆಬರಹದಲ್ಲಿ ಇಂಥ ಕಡೆ ಪಾಟೀಲ ಬಿದ್ದುಹೋಗಿ ತೇಲ್ಕೂರ, ರೇವೂರ ಮಾತ್ರ ಉಳಿಯುವುದುಂಟು. ಲಾತೂರಿನ ಶಿವರಾಜ ಪಾಟೀಲರು ಚಾಕೂರಕರ ಆದದ್ದೂ ಇದೇ ತೊಡಕಿನಿಂದ. ಕಮಲಾಪುರ ಮತ್ತು ಆಮೇಲೆ ಕಲಬುರಗಿ ಗ್ರಾಮೀಣ ಕ್ಷೇತ್ರವನ್ನು ಪ್ರತಿನಿಧಿಸಿದ ರೇವು ನಾಯಕ ಬೆಳಮಗಿ ಅವರ ಹೆಸರಿನಲ್ಲೂ ಇದೇ ಜೋಡಣೆ ಇದೆ: ನಾಯಕ ತಾಂಡಾದ ಮುಖ್ಯಸ್ಥನ ಹುದ್ದೆ, ಬೆಳಮಗಿ ಊರು.

ಊರಿನ ಹೆಸರು ಅಡ್ಡಹೆಸರಾಗುವುದು ಬಹುಮಟ್ಟಿಗೆ ಊರು ಬಿಟ್ಟ ಮೇಲೆ. ಕೆಂಪು ಬಾಳೆಗೆ ಹೆಸರಾದ, 2018ರಲ್ಲಿ ತಾಲ್ಲೂಕು ಕೇಂದ್ರವಾದ ಕಮಲಾಪುರದ ಒಳಗೆ ಒಬ್ಬನನ್ನು ಕಮಲಾಪುರಕರ ಎಂದು ಕರೆದರೆ ಗುರುತು ಸಿಗದು. ಕಲಬುರಗಿ ಪೇಟೆಯಲ್ಲೋ ಸೊಲ್ಲಾಪುರದಲ್ಲೋ ಸಿಗುತ್ತದೆ. ಮಹಾಗಾಂವ, ಡೊಂಗರಗಾಂವದಿಂದ ಬಂದ ಹೆಸರುಗಳಿಗೂ ಇದೇ ನಿಯಮ. ಕಲಬುರ್ಗಿ ಎಂಬ ಅಡ್ಡಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ಸಂಶೋಧಕ ಎಂ.ಎಂ. ಕಲಬುರ್ಗಿ ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನಲ್ಲಿ. ಇಲ್ಲಿ ಒಂದು ಎಚ್ಚರ ಅಗತ್ಯ: ಹಂಪಿಯ ಮಗ್ಗುಲಲ್ಲೂ ಒಂದು ಕಮಲಾಪುರವಿದೆ. ಬರೀ ಅಡ್ಡಹೆಸರು ಹಿಡಿದು ಮೂಲದ ಊರನ್ನು ತೀರ್ಮಾನಿಸಲಾಗದು. ಮನೆದೇವರು, ಬೀಗತನದ ಊರುಗಳು, ಹಳೆಯ ಜಮೀನಿನ ಕಾಗದ ಇವನ್ನು ಕೂಡಿಸಿ ನೋಡಬೇಕಾಗುತ್ತದೆ.

2000ದ ಬಳಿಕ ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕಕ್ಕೆ ಏರಿದವು, ಹಿಂದೆಯೇ ಆಧಾರ್ ಬಂತು. ಅಲ್ಲಿಯವರೆಗೆ ಒಬ್ಬನೇ ರೈತ ಪಹಣಿಯಲ್ಲಿ ಶರಣಗೌಡ, ಶಾಲೆಯ ದಾಖಲೆಯಲ್ಲಿ ಪಾಟೀಲ, ರೇಷನ್ ಕಾರ್ಡಿನಲ್ಲಿ ಮಾಲಿಪಾಟೀಲ ಆಗಿರಬಹುದಿತ್ತು. ಈಗ ಮೂರೂ ಹೊಂದದಿದ್ದರೆ ಬೆಳೆವಿಮೆಯ ಹಣ ತಡೆಯುತ್ತದೆ, ಸಾಲದ ಅರ್ಜಿ ಹಿಂದಕ್ಕೆ ಬರುತ್ತದೆ. ಹೊಂದಿಸುವಾಗ ಉಳಿಯುವುದು ಸಾಮಾನ್ಯವಾಗಿ ಚಿಕ್ಕ ರೂಪ, ಪಾಟೀಲ. ಮಾಲಿ, ಪೊಲೀಸ್ ಎಂಬ ವಿಶೇಷಣಗಳೂ ಹೆಸರಿನೊಳಗಿನ ಗೌಡವೂ ಇಂಥ ತಿದ್ದುಪಡಿಗಳಲ್ಲಿ ಕಳಚಿಕೊಳ್ಳುತ್ತಿವೆ, ಪಾಟೀಲರ ಸಂಖ್ಯೆ ಆ ಮಟ್ಟಿಗೆ ಏರುತ್ತಿದೆ.