ಸ್ಕಾಟ್ ಕಾದಂಬರಿಯಲ್ಲಿ ಬೆಂಗಳೂರು, ಚರಿತ್ರೆಯಲ್ಲಿ ಸೆರೆ

ಸರ್ ವಾಲ್ಟರ್ ಸ್ಕಾಟ್ ಎಂದೊಡನೆ ನೆನಪಿಗೆ ಬರುವುದು ‘ಐವನ್‌ಹೋ’, ಕೋಟೆ ಕೊತ್ತಲಗಳು, ಕುದುರೆ ಏರಿದ ವೀರರು. ಆದರೆ ಇದೇ ಸ್ಕಾಟ್ 1827ರಲ್ಲಿ ಪ್ರಕಟಿಸಿದ ಒಂದು ಕಥೆ ಮುಕ್ತಾಯವಾಗುವುದು ನಮ್ಮ ಬೆಂಗಳೂರಿನಲ್ಲಿ ಎಂಬುದು ಹಲವರಿಗೆ ತಿಳಿಯದು. ಅದು ‘ದಿ ಸರ್ಜನ್ಸ್ ಡಾಟರ್’, ಅಂದರೆ ‘ವೈದ್ಯನ ಮಗಳು’.

ಕಥೆ ಹೀಗಿದೆ. ಸ್ಕಾಟ್‌ಲೆಂಡಿನ ಹಳ್ಳಿಯ ವೈದ್ಯ ಗ್ರೇ. ಅವನ ಮಗಳು ಮೆನಿ. ಅವನ ಬಳಿ ಕೆಲಸ ಕಲಿಯುವ ಇಬ್ಬರು ತರುಣರೂ ಅವಳಿಗೆ ಮನಸೋತವರು. ಮೆನಿ ಮೆಚ್ಚುವುದು ಮಹತ್ವಾಕಾಂಕ್ಷಿ ರಿಚರ್ಡ್‌ನನ್ನು. ಭಾರತಕ್ಕೆ ಬಂದ ರಿಚರ್ಡ್ ಮದುವೆಯ ಆಸೆ ತೋರಿಸಿ ಅವಳನ್ನು ಕರೆಸಿಕೊಳ್ಳುತ್ತಾನೆ. ಟಿಪ್ಪುವಿನ ಜನಾನಾಕ್ಕೆ ಅವಳನ್ನು ಒಪ್ಪಿಸಿ, ಬದಲಿಗೆ ಬೆಂಗಳೂರಿನ ಅಧಿಕಾರ ಪಡೆಯುವುದು ಅವನ ಹಂಚಿಕೆ. ಇದನ್ನು ತಿಳಿದ ಇನ್ನೊಬ್ಬ ತರುಣ ಹಾರ್ಟ್ಲಿ, ಹೈದರನ ಮೊರೆಹೋಗಲು ಮೈಸೂರು ಸೀಮೆಗೆ ಧಾವಿಸುತ್ತಾನೆ. ಕೊನೆಗೆ ಫಕೀರನ ವೇಷದಲ್ಲಿದ್ದ ಹೈದರ್ ತನ್ನ ನಿಜರೂಪ ತೋರಿ ಮೆನಿಯನ್ನು ಬಿಡಿಸುತ್ತಾನೆ. ದ್ರೋಹಿ ರಿಚರ್ಡ್ ಆನೆಯ ಕಾಲಡಿ ಸಾಯುತ್ತಾನೆ.

ಸ್ಕಾಟ್ ಭಾರತವನ್ನು ಕಂಡವನಲ್ಲ. ಇಲ್ಲಿನ ವಿವರಗಳಿಗೆ ಅವನು ನೆಚ್ಚಿಕೊಂಡದ್ದು ಸ್ನೇಹಿತ ಕರ್ನಲ್ ಜೇಮ್ಸ್ ಫರ್ಗ್ಯುಸನ್ನನ ನೆರವನ್ನು. ಹಾಗಿದ್ದರೂ ಮೈಸೂರಿನ ಸೆರೆ ಎಂದರೆ ಆಗಿನ ಬ್ರಿಟಿಷ್ ಓದುಗ ಬೆಚ್ಚುತ್ತಿದ್ದ. ಅದಕ್ಕೆ ಕಾರಣ ಚರಿತ್ರೆಯಲ್ಲಿದೆ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೇಲಿಯ ಪಡೆಯನ್ನು ಧೂಳೀಪಟ ಮಾಡಿತು. ಸೆರೆಸಿಕ್ಕ ಬೇಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಡೇವಿಡ್ ಬೇರ್ಡ್ ಮೊದಲಾದವರು 1784ರ ಮಂಗಳೂರು ಒಪ್ಪಂದದ ನಂತರ ಬಿಡುಗಡೆಯಾದರು. ಇದೇ ಬೇರ್ಡ್ 1799ರ ಮೇ 4ರಂದು ಶ್ರೀರಂಗಪಟ್ಟಣದ ಮೇಲಿನ ಅಂತಿಮ ದಾಳಿಯ ಮುಂದಾಳಾಗಿ ಬಂದ. ಹತ್ತು ವರ್ಷ ಮೈಸೂರಿನಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿಯ ಅನುಭವಕಥನ ಅಚ್ಚಾದದ್ದು 1824ರಲ್ಲಿ, ಸ್ಕಾಟ್‌ನ ಕಾದಂಬರಿಗೆ ಕೇವಲ ಮೂರು ವರ್ಷ ಮೊದಲು. ಸೋತ ಯುದ್ಧದ ಅವಮಾನವನ್ನು ಇಂಥ ಕಥನಗಳು ಅನುಕಂಪವಾಗಿ ಮಾರ್ಪಡಿಸಿದವು. ಟಿಪ್ಪುವಿನ ಮೇಲಿನ ಯುದ್ಧಕ್ಕೆ ನೈತಿಕ ಸಮರ್ಥನೆಯನ್ನೂ ಒದಗಿಸಿದವು.

ಆದರೆ ಸೆರೆ ಎಂಬುದು ಒಂದೇ ಕಡೆಯವರ ಪಾಲಿಗೆ ಬಂದದ್ದಲ್ಲ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಮನೆಮಠ ಬಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಘಟ್ಟ ಹತ್ತುವಾಗಲೇ ಎಷ್ಟೋ ಜನ ಸತ್ತರು. ಬದುಕಿ ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಇತ್ತ 1792ರ ಒಪ್ಪಂದದಂತೆ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಕಾರ್ನ್‌ವಾಲಿಸ್‌ನ ಒತ್ತೆಯಾಳುಗಳಾಗಿ ಮದ್ರಾಸಿಗೆ ಹೋದರು, ಮರಳಿದ್ದು 1794ರಲ್ಲಿ. ಬ್ರಿಟಿಷ್ ಕಲಾವಿದರು ಈ ಪ್ರಸಂಗವನ್ನು ಕಾರ್ನ್‌ವಾಲಿಸ್‌ನ ವಾತ್ಸಲ್ಯದ ಚಿತ್ರವಾಗಿ ಬರೆದರು. ಟಿಪ್ಪುವಿನ ಮರಣಾನಂತರ ಅವನ ಕುಟುಂಬವನ್ನು ವೆಲ್ಲೂರಿನ ಕೋಟೆಯಲ್ಲಿಟ್ಟು, 1806ರ ಸಿಪಾಯಿಗಳ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಿದರು.

ಹೀಗೆ ನೋಡಿದಾಗ ಸ್ಕಾಟ್‌ನ ಕಥೆಯ ವಿಶೇಷ ಎದ್ದು ಕಾಣುತ್ತದೆ. ಟಿಪ್ಪುವನ್ನು ಪರಸ್ತ್ರೀಯನ್ನು ಬಯಸುವವನಂತೆ ಚಿತ್ರಿಸುವಲ್ಲಿ ಅವನು ತನ್ನ ಕಾಲದ ಪೂರ್ವಗ್ರಹದಿಂದ ಹೊರಬಂದಿಲ್ಲ. ಆದರೆ ಹೆಣ್ಣನ್ನು ಮಾರಲು ಹೊರಟವನು ಅವಳ ಊರಿನವನೇ. ನ್ಯಾಯ ಕೊಡುವವನು ಮೈಸೂರಿನ ದೊರೆ. ಹೈದರನನ್ನು ಕೇವಲ ಕ್ರೂರಿ ಎಂದು ಕೇಳಿ ಬಲ್ಲ ಓದುಗರಿಗೆ ಇದು ಅನಿರೀಕ್ಷಿತವೇ ಆಗಿದ್ದೀತು.

ಶ್ರೀರಂಗಪಟ್ಟಣಕ್ಕೆ ಹೋದವರಿಗೆ ಇಂದಿಗೂ ಬೇಲಿಯ ಹೆಸರಿನ ಸೆರೆಮನೆಯನ್ನು ತೋರಿಸುತ್ತಾರೆ. ಅಲ್ಲಿಂದ ಅನತಿ ದೂರದ ದರಿಯಾ ದೌಲತ್‌ನ ಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧಚಿತ್ರವಿದೆ. ಅದರಲ್ಲಿ ಅದೇ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಒಂದು ಅವನ ದುಃಖದ ನೆನಪು, ಇನ್ನೊಂದು ಮೈಸೂರಿನ ಗೆಲುವಿನ ನೆನಪು. ಎರಡನ್ನೂ ನೋಡಿ ಬರುವವರು, ಘಟ್ಟದ ಹಾದಿಯಲ್ಲಿ ಸತ್ತವರನ್ನೂ ಒತ್ತೆಯಾಗಿ ಹೋದ ಮಕ್ಕಳನ್ನೂ ಒಂದು ಗಳಿಗೆ ನೆನೆದರೆ ಚರಿತ್ರೆ ಪೂರ್ಣವಾದೀತು.